ಗೋಡೆಯ ಅರಳಿಯನ್ನೊಮ್ಮೆ ನೋಡಿ ಬನ್ನಿ

ಅಪಾರ್ಟ್‌ಮೆಂಟಿನ ಹಾಲ್‌ನಲ್ಲೂ ಬಾಲ್ಕನಿಯಲ್ಲೂ ಫಿಡಲ್ ಲೀಫ್, ರಬ್ಬರ್ ಗಿಡ, ಬೆಂಜಮಿನಾ ಸಾಕುತ್ತಿರುವ ಬೆಂಗಳೂರಿನ ಎಲ್ಲರಿಗೂ,



ಲಿಫ್ಟಿನಲ್ಲಿ, ಪಾರ್ಕಿಂಗ್‌ನಲ್ಲಿ, ಸೊಪ್ಪಿನ ಗಾಡಿಯ ಮುಂದೆ ನೀವು ನನ್ನನ್ನು ತಡೆದು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಎಲೆ ಉದುರ್ತಾ ಇದೆ ಮೇಡಂ, ಏನ್ ಹಾಕ್ಲಿ?" ಆಸೆಪಟ್ಟು ದುಡ್ಡು ಕೊಟ್ಟು ತಂದ ಗಿಡ ಕಣ್ಣೆದುರೇ ಬೋಳಾಗುತ್ತಿದ್ದರೆ ಯಾರಿಗಾದರೂ ಸಂಕಟವೇ. ಆದರೆ ನಾಲ್ಕನೇ ಮಹಡಿ ಬರುವುದರೊಳಗೆ ಹೇಳಿ ಮುಗಿಸುವ ಉತ್ತರ ಅದಕ್ಕಿಲ್ಲ. ಹಾಗಾಗಿ ಎಲ್ಲರಿಗೂ ಸೇರಿಸಿ ಈ ಪತ್ರ.

ಸದ್ಯಕ್ಕೆ ಏನೂ ಹಾಕಬೇಡಿ. ಕೆಳಗಿಳಿದು ಹೋಗಿ, ನಿಮ್ಮ ಕಾಂಪೌಂಡ್ ಗೋಡೆಯನ್ನೋ ಬೀದಿಯಾಚೆಯ ಹಳೆ ಮನೆಯ ತಾರಸಿ ಅಂಚನ್ನೋ ಸ್ವಲ್ಪ ಹೊತ್ತು ನೋಡಿ. ಎಲ್ಲೋ ಒಂದು ಬಿರುಕಿನಲ್ಲಿ ಅರಳಿ ಸಸಿ ನಿಂತಿರುತ್ತದೆ. ಹಿಡಿ ಮಣ್ಣಿಲ್ಲ, ನೀರು ಹಾಕುವವರಿಲ್ಲ, ಏಪ್ರಿಲ್ ಬಿಸಿಲಿಗೆ ಗೋಡೆ ಕಾದು ಕೆಂಡವಾಗಿರುತ್ತದೆ. ಆದರೂ ಎಲೆಗಳು ಫಳಫಳ. ಅದೇ ಅರಳಿಯ ದಾಯಾದಿ ನಿಮ್ಮ ಮನೆಯಲ್ಲಿ ಎರೆಗೊಬ್ಬರ, ಕೋಕೋಪೀಟ್, ವಾರಕ್ಕೆ ಮೂರು ಸಲ ನೀರು ಎಲ್ಲ ಪಡೆದೂ ಸೊರಗುತ್ತಿದೆ. ಈ ಎರಡಕ್ಕೂ ಇರುವ ವ್ಯತ್ಯಾಸ ತಿಳಿದುಕೊಂಡರೆ ಈ ಬಳಗದ ಗಿಡಗಳನ್ನು ಸಾಕುವ ವಿದ್ಯೆಯ ಮುಕ್ಕಾಲು ಭಾಗ ಕೈಗೆ ಬಂದಂತೆ.

ದಾಯಾದಿ ಎಂದೆನಲ್ಲ, ಅದು ಸುಮ್ಮನೆ ಆಡಿದ ಮಾತಲ್ಲ. ಆಲ, ಅರಳಿ, ಅತ್ತಿ, ಬಸರಿ, ಗೋಣಿ ಎಲ್ಲವೂ ಫೈಕಸ್ ಎಂಬ ಒಂದೇ ಕುಲದ ಮರಗಳು. ಲೋಕದಲ್ಲಿ ಇವುಗಳ ಪ್ರಭೇದಗಳು 800ರ ಆಸುಪಾಸು. ಪಿಟೀಲಿನಾಕಾರದ ದೊಡ್ಡ ಎಲೆಯ ಫಿಡಲ್ ಲೀಫ್, ಅಂದರೆ ಫೈಕಸ್ ಲೈರೇಟಾ, ಸಿಯೆರಾ ಲಿಯೋನ್‌ನಿಂದ ಕ್ಯಾಮರೂನ್‌ವರೆಗಿನ ಪಶ್ಚಿಮ ಆಫ್ರಿಕಾದ ಮಳೆಕಾಡಿನದು. ಬಳುಕುವ ಕೊಂಬೆಯ ಬೆಂಜಮಿನಾ ಏಷ್ಯಾದಿಂದ ಆಸ್ಟ್ರೇಲಿಯಾದ ಉತ್ತರದವರೆಗೆ ಹಬ್ಬಿರುವ ಮರ. ಬ್ಯಾಂಕಾಕ್ ನಗರ ಅದನ್ನು ತನ್ನ ಅಧಿಕೃತ ಮರವಾಗಿಸಿಕೊಂಡಿದೆ. ಇನ್ನು ರಬ್ಬರ್ ಗಿಡ ನಮ್ಮ ಈಶಾನ್ಯ ಭಾರತದ್ದೇ. ಮೇಘಾಲಯದಲ್ಲಿ ಖಾಸಿ, ಜೈಂತಿಯಾ ಜನ ಇದರ ಬಿಳಲುಗಳನ್ನು ಹಳ್ಳದಾಚೆಗೆ ಹಾಯಿಸಿ, ದಶಕಗಟ್ಟಲೆ ಕಾದು, ಜೀವಂತ ಸೇತುವೆ ಕಟ್ಟಿಕೊಂಡಿದ್ದಾರೆ. ನೊಂಗ್ರಿಯಾತ್‌ನ ಎರಡಂತಸ್ತಿನ ಸೇತುವೆಯ ಚಿತ್ರವನ್ನು ನೀವೂ ನೋಡಿರುತ್ತೀರಿ. ಸುಳ್ಯ, ಬೆಳ್ತಂಗಡಿ ಕಡೆ ಹಾಲು ಇಳಿಸುವ ರಬ್ಬರ್ ತೋಟದ ಮರ ಬೇರೆ, ಅದು ಬ್ರೆಜಿಲ್ ಮೂಲದ್ದು. ನಿಮ್ಮ ಕುಂಡದಲ್ಲಿರುವುದು ಸೇತುವೆಯ ಮರ.

ಈ ಬಳಗದ ಅನೇಕ ಮರಗಳು ಬದುಕು ಶುರುಮಾಡುವುದು ನೆಲದ ಮೇಲಲ್ಲ. ಹಕ್ಕಿ, ಬಾವಲಿ ಹಣ್ಣು ತಿಂದು ಇನ್ನೊಂದು ಮರದ ಕವಲಿನಲ್ಲಿ ಹಿಕ್ಕೆ ಹಾಕುತ್ತದೆ. ಅಲ್ಲಿ ಕೊಳೆತ ಎಲೆಯ ಪುಡಿ ಒಂದಿಷ್ಟು ಇರುತ್ತದೆ, ಅಷ್ಟರಲ್ಲೇ ಬೀಜ ಮೊಳೆಯುತ್ತದೆ. ಮಳೆ ಬಂದಾಗ ತೊಪ್ಪೆಯಾಗಿ ತೋಯುತ್ತದೆ, ಮರುದಿನದ ಗಾಳಿಗೆ ಪೂರ್ತಿ ಒಣಗುತ್ತದೆ. ಕಾಡಿನ ನೆಲದಲ್ಲಿ ಕತ್ತಲು, ಮೇಲೆ ಬೆಳಕು. ಆ ಬೆಳಕಿಗಾಗಿಯೇ ಅದು ಅಲ್ಲಿ ಸಿಗುವ ಇಷ್ಟೇ ಮಣ್ಣು, ಇಷ್ಟೇ ನೀರಿಗೆ ಹೊಂದಿಕೊಂಡಿದೆ. ಆಮೇಲೆ ಬೇರು ಇಳಿಬಿಟ್ಟು ನೆಲ ಮುಟ್ಟಿಸುತ್ತದೆ. ಲೈರೇಟಾ, ರಬ್ಬರ್ ಗಿಡ, ಆಲ ಎಲ್ಲವೂ ಹೀಗೆ ಬೆಳೆಯಬಲ್ಲವು. ನಮ್ಮ ಗೋಡೆಯ ಅರಳಿ ಮಾಡುತ್ತಿರುವುದೂ ಇದನ್ನೇ. ಕಾಡಿನ ಕವಲಿನ ಬದಲು ಅದಕ್ಕೆ ಇಟ್ಟಿಗೆಯ ಸಂದು ಸಿಕ್ಕಿದೆ. ಬೆಳಕು ಹೆಚ್ಚು, ಬೇರಿಗೆ ಗಾಳಿ ಹೆಚ್ಚು, ನೀರು ಬಂದು ಬಂದು ಹೋಗಬೇಕು. ನಾವು ಕೊಡುತ್ತಿರುವುದು ಸರಿಯಾಗಿ ಇದರ ತದ್ವಿರುದ್ಧ: ಸೋಫಾ ಪಕ್ಕದ ಮಬ್ಬು, ಜಿಗುಟು ಮಣ್ಣು, ಮಣ್ಣು ಒಣಗುವ ಮೊದಲೇ ಮತ್ತೆ ಚೊಂಬು ನೀರು.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣೇ ನಮಗೆ ಮೋಸ ಮಾಡುತ್ತದೆ. ನಡು ಮಧ್ಯಾಹ್ನದ ಬಯಲು ಬಿಸಿಲು ಸುಮಾರು 1 ಲಕ್ಷ ಲಕ್ಸ್. ನಿಮ್ಮ ಹಾಲ್‌ನ ಮಧ್ಯದಲ್ಲಿ ಹಗಲಲ್ಲೇ ಅಳೆದರೂ ಸಿಗುವುದು ಕೆಲವು ನೂರು ಲಕ್ಸ್. ಪೇಪರ್ ಓದಲು ಅಷ್ಟು ಧಾರಾಳ ಸಾಕು, ಕಣ್ಣಿನ ಪಾಪೆ ಹೊಂದಿಕೊಂಡುಬಿಡುತ್ತದೆ; ಎಲೆ ಹೊಂದಿಕೊಳ್ಳಲಾರದು. ಮೊಬೈಲ್‌ನಲ್ಲಿ ಬೆಳಕು ಅಳೆಯುವ ಆ್ಯಪ್ ಇದೆ, ಒಮ್ಮೆ ಕಿಟಕಿಯ ಪಕ್ಕ, ಒಮ್ಮೆ ಟಿವಿ ಪಕ್ಕ ಹಿಡಿದು ನೋಡಿ, ನಾನು ಹೇಳುವುದಕ್ಕಿಂತ ಚೆನ್ನಾಗಿ ಅದೇ ಹೇಳುತ್ತದೆ. ಕಪ್ಪು ಛಾಯೆಯ ಗಾಜು, ಸೊಳ್ಳೆ ಪರದೆ, ಮೇಲಿನ ಮನೆಯ ಬಾಲ್ಕನಿಯ ಚಾಚು ಒಂದೊಂದೂ ಬೆಳಕನ್ನು ಕಡಿಮೆ ಮಾಡುತ್ತವೆ. ಕುಂಡವನ್ನು ಕಿಟಕಿಯಿಂದ ಎರಡು ಮೂರು ಅಡಿಯೊಳಗೆ ಇಡಿ. ಪೂರ್ವದ ಬಾಲ್ಕನಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಪಶ್ಚಿಮದ ಬಿಸಿಲೂ ಆಗಬಹುದು, ಆದರೆ ನೆರಳಲ್ಲಿದ್ದ ಗಿಡವನ್ನು ಒಮ್ಮೆಲೇ ಒಯ್ದು ಅಲ್ಲಿಟ್ಟರೆ ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ. ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಸರಿಸಿ.

ಒಮ್ಮೆ ಜಾಗ ಗೊತ್ತುಮಾಡಿದ ಮೇಲೆ ದಯವಿಟ್ಟು ಅದನ್ನು ಅಲ್ಲಿ ಇಲ್ಲಿ ಎತ್ತಿಡಬೇಡಿ. ಬೆಂಜಮಿನಾ ತಂದ ಹದಿನೈದೇ ದಿನಕ್ಕೆ ಅರ್ಧ ಎಲೆ ಉದುರಿಸಿತೆಂದು ನರ್ಸರಿಯವರ ಮೇಲೆ ಸಿಟ್ಟಾಗುವವರು ಬಹಳ. ನರ್ಸರಿಯ ಬೆಳಕಿಗೆ ತಕ್ಕಂತೆ ಕಟ್ಟಿಕೊಂಡಿದ್ದ ಎಲೆಗಳು ನಿಮ್ಮ ಮನೆಯ ಬೆಳಕಿಗೆ ಹೊರೆ. ಅವನ್ನು ಬಿಟ್ಟು ಅದು ಹೊಸ ಎಲೆ ಕಟ್ಟಿಕೊಳ್ಳುತ್ತದೆ. ಆ ಹೊತ್ತಿಗೆ ಗಾಬರಿಯಾಗಿ ನಾವು ಜಾಗ ಬದಲಿಸಿದರೆ ಅದು ಮತ್ತೆ ಮೊದಲಿನಿಂದ ಶುರುಮಾಡಬೇಕು.

ನೀರಿಗೆ ವಾರದ ಲೆಕ್ಕ ಬೇಡ. ಆಷಾಢದ ಜಡಿಮಳೆಯಲ್ಲೂ ಮಾರ್ಚ್‌ನ ಒಣಗಾಳಿಯಲ್ಲೂ ಒಂದೇ ಲೆಕ್ಕ ಹೇಗೆ ನಡೆದೀತು? ಎರಡು ಅಂಗುಲ ಆಳಕ್ಕೆ ಬೆರಳು ತೂರಿಸಿ ನೋಡಿ. ಒಣಗಿದ್ದರೆ ಕೆಳಗಿನ ತೂತಿನಿಂದ ಹರಿದು ಬರುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಹಸಿ ಇದ್ದರೆ ಹಾಗೇ ಬಿಡಿ. ಎಲೆಯ ಅಂಚು ಗರಿಗರಿಯಾಗಿ ಕಂದಿದರೆ ಒಣಗಿದ ಲಕ್ಷಣ. ಕೆಳಗಿನ ಎಲೆಗಳಲ್ಲಿ ಮೆತ್ತಗೆ, ಗಾಢ ಕಂದು ಮಚ್ಚೆ ಹರಡಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತಿದೆ ಎಂದರ್ಥ. ನಾನು ನೋಡಿದ ಸಾವುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಅದರಲ್ಲಿ ಮಣ್ಣಿನ ಪಾಲೂ ದೊಡ್ಡದು. ಇಲ್ಲಿನ ಎಷ್ಟೋ ನರ್ಸರಿಗಳಲ್ಲಿ ಗಿಡ ಬರುವುದೇ ಅಂಟು ಕೆಮ್ಮಣ್ಣಿನ ಉಂಡೆಯಲ್ಲಿ. ಸುತ್ತ ಎಷ್ಟೇ ಒಳ್ಳೆಯ ಮಣ್ಣು ತುಂಬಿದರೂ ಆ ಉಂಡೆಯ ನಡು ಹಸಿಯಾಗಿಯೇ ಉಳಿಯುತ್ತದೆ, ಇಲ್ಲವೇ ಒಮ್ಮೆ ಒಣಗಿದರೆ ನೀರನ್ನೇ ಹೀರುವುದಿಲ್ಲ. ಮಳೆಗಾಲ ಶುರುವಾದಾಗ ಗಿಡ ಹೊರತೆಗೆದು, ಉಂಡೆಯ ಹೊರಗಿನ ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಉದುರಿಸಿ, ಕೆಮ್ಮಣ್ಣು, ಕೋಕೋಪೀಟ್, ಎರೆಗೊಬ್ಬರದ ಜೊತೆ ದಪ್ಪ ಮರಳು, ಇದ್ದಿಲ ಚೂರು ಧಾರಾಳವಾಗಿ ಬೆರೆಸಿ ನೆಡಿ. ಹಿಡಿಯಲ್ಲಿ ಹಿಸುಕಿ ಬಿಟ್ಟರೆ ಮಣ್ಣು ಉದುರಬೇಕು, ಮುದ್ದೆಯಾಗಬಾರದು.

ಎಲೆಯ ಅಂಚಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಸಾಲಾಗಿ ಕಂಡರೆ ಔಷಧಿ ಹೊಡೆಯಬೇಡಿ. ಎಲೆಯೊಳಗಿನ ವಿಶೇಷ ಕೋಶಗಳಲ್ಲಿ ಗಿಡ ತಾನೇ ಕೂಡಿಟ್ಟುಕೊಂಡ ಸುಣ್ಣದ ಹರಳುಗಳು ಅವು, ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಸಿಸ್ಟೊಲಿತ್ ಎಂಬ ಹೆಸರು ನೆನಪಿರಬಹುದು. ಉಗುರಲ್ಲಿ ಕೆರೆದರೆ ಬರುವ, ಹತ್ತಿಯಂಥ ಬಿಳುಪು ಕಂಡರೆ ಮಾತ್ರ ಅದು ಹಿಟ್ಟು ತಿಗಣೆ. ಇರುವೆ ಓಡಾಡುತ್ತಿದ್ದರೆ ಇನ್ನೂ ಖಾತ್ರಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಪಿನ ನೀರಿಗೆ ಬೇವಿನ ಎಣ್ಣೆ ಕದಡಿ ವಾರ ಬಿಟ್ಟು ವಾರ ಸಿಂಪಡಿಸಿ.

ಈ ಗಿಡ ಮನೆಯ ಗಾಳಿಯನ್ನು ಶುದ್ಧಮಾಡುತ್ತದೆ ಎಂದು ನಂಬಿ ತಂದವರಿಗೆ ಒಂದು ಮಾತು. 1989ರ ನಾಸಾ ಅಧ್ಯಯನ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. 2019ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ಲೆಕ್ಕಹಾಕಿದ ವಿಮರ್ಶೆಯ ಪ್ರಕಾರ, ಕಟ್ಟಡದ ಸಹಜ ಗಾಳಿಯಾಟದಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಗಾಳಿಗೆ ಕಿಟಕಿ ತೆರೆಯಿರಿ. ಗಿಡವನ್ನು ಗಿಡಕ್ಕಾಗಿಯೇ ಇಟ್ಟುಕೊಳ್ಳಿ, ಅದರ ಚಂದ ಅಷ್ಟು ಸಾಲದೇ?

ಇನ್ನು ನನಗೆ ಎಲ್ಲಕ್ಕಿಂತ ಪ್ರೀತಿಯ ವಿಷಯ: ಒಂದನ್ನು ಎರಡು ಮಾಡುವುದು.

ಫಿಡಲ್ ಲೀಫ್‌ನ ಒಂದು ಚಂದದ ಎಲೆಯನ್ನು ಕಿತ್ತು ಗಾಜಿನ ಲೋಟದ ನೀರಿನಲ್ಲಿಟ್ಟು ತಿಂಗಳುಗಟ್ಟಲೆ ಕಾಯುವವರನ್ನು ಕಂಡರೆ ನನ್ನ ಜೀವ ಚುರುಕ್ ಎನ್ನುತ್ತದೆ. ಬೇರುಗಳೇನೋ ಬರುತ್ತವೆ, ಬಿಳಿಯಾಗಿ, ಸೊಂಪಾಗಿ. ಮಣ್ಣಿಗಿಟ್ಟರೆ ಎಲೆ ವರ್ಷಗಟ್ಟಲೆ ಹಸಿರಾಗಿಯೂ ಇದ್ದೀತು. ಆದರೆ ಅದು ಗಿಡವಾಗುವುದಿಲ್ಲ, ಏಕೆಂದರೆ ಚಿಗುರುವ ಕಣ್ಣು ಇರುವುದು ಎಲೆಯಲ್ಲಲ್ಲ, ಕಾಂಡದ ಗೆಣ್ಣಿನಲ್ಲಿ. ಕಬ್ಬು ನೆಡುವ ಮಂಡ್ಯದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಲೆಯ ಜೊತೆ ಗೆಣ್ಣಿರುವ ಒಂದಂಗುಲ ಕಾಂಡ ಬಂದರೂ ಸಾಕು. ನರ್ಸರಿಗಳು ರಬ್ಬರ್ ಗಿಡವನ್ನು ಹಾಗೆ ಒಂದೊಂದೇ ಗೆಣ್ಣಿನಿಂದ ಬೆಳೆಸುತ್ತವೆ, ನೀರಾವಿ ಕಡಿಮೆ ಹೋಗಲೆಂದು ದೊಡ್ಡ ಎಲೆಯನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕಡ್ಡಿಗೆ ಕಟ್ಟುತ್ತವೆ. ಬೆಂಜಮಿನಾವನ್ನು ಗೇಣುದ್ದದ ಕಡ್ಡಿಯಿಂದಲೇ ಮಾಡಬಹುದು. ಕೆಳಗಿನ ಎಲೆ ತೆಗೆದು, ಹಾಲು ನಿಲ್ಲುವವರೆಗೆ ನೀರಲ್ಲಿಟ್ಟು, ಮರಳು ಬೆರೆತ ಕೋಕೋಪೀಟ್‌ನಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ.

ರಬ್ಬರ್ ಗಿಡಕ್ಕೂ ಫಿಡಲ್ ಲೀಫ್‌ಗೂ ಮಾತ್ರ ಗೂಟಿಗೆ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದಕ್ಕೆ, ಸಮನಾದದ್ದಿಲ್ಲ. ದಾಳಿಂಬೆ, ನಿಂಬೆ ಬೆಳೆಯುವ ನಮ್ಮ ರೈತರು ತಲೆಮಾರುಗಳಿಂದ ಮಾಡಿಕೊಂಡು ಬಂದಿರುವ ಕೆಲಸ ಇದು. ಕಡ್ಡಿ ಕತ್ತರಿಸಿ ನೆಟ್ಟಾಗ ಬೇರು ಬರುವವರೆಗೆ ಅದು ಹಸಿದಿರಬೇಕು. ಗೂಟಿಯಲ್ಲಿ ತಾಯಿಗಿಡ ಉಣಿಸುತ್ತಲೇ ಇರುತ್ತದೆ, ಬೇರು ಬಂದಮೇಲೆಯೇ ಬೇರೆ ಮಾಡುವುದು. ಕೆಳಗೆಲ್ಲ ಬೋಳಾಗಿ ತಲೆಯಲ್ಲಷ್ಟೇ ನಾಲ್ಕು ಎಲೆ ಉಳಿದು ಸೂರು ಮುಟ್ಟುತ್ತಿರುವ ಗಿಡಕ್ಕೆ ಇದೇ ಮದ್ದು.

ಜೂನ್‌ನಲ್ಲಿ, ಮುಂಗಾರಿನ ತೇವ ಗಾಳಿಯಲ್ಲಿ ಆಡತೊಡಗಿದ ಮೇಲೆ ಶುರುಮಾಡಿ. ಮೊದಲು ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಹಲಸಿನ ಹಣ್ಣು ಬಿಡಿಸುವಾಗ ಮಾಡುವ ಹಾಗೆಯೇ. ಹಲಸೂ ಇದರ ಕುಟುಂಬದ್ದೇ, ಹಿಪ್ಪುನೇರಳೆಯೂ ಅಷ್ಟೇ. ಆ ಹಾಲು ಎಲ್ಲದರಲ್ಲೂ ಇದೆ. ಚರ್ಮ ಸೂಕ್ಷ್ಮವಾಗಿರುವವರು, ರಬ್ಬರ್ ಅಲರ್ಜಿ ಇರುವವರು ಹಾಲು ಮೈಗೆ ತಾಗದಂತೆ ನೋಡಿಕೊಳ್ಳಬೇಕು. ಬೆಕ್ಕು, ನಾಯಿ ಎಲೆ ಕಚ್ಚಿದರೆ ಬಾಯಿ ಉರಿ, ವಾಂತಿ ಆಗಬಹುದು, ಅವನ್ನು ಆಚೆ ಕಳಿಸಿ.

ತುದಿಯಿಂದ ಒಂದು ಒಂದೂವರೆ ಅಡಿ ಕೆಳಗೆ, ಹೆಬ್ಬೆರಳಿಗಿಂತ ದಪ್ಪವಲ್ಲದ ಕಾಂಡದಲ್ಲಿ, ಗೆಣ್ಣಿನ ಸ್ವಲ್ಪ ಕೆಳಗೆ ಜಾಗ ಆರಿಸಿ. ಒಂದಂಗುಲ ಅಂತರದಲ್ಲಿ ಸುತ್ತಲೂ ಎರಡು ಉಂಗುರ ಕೊಯ್ಯಿರಿ, ಎರಡನ್ನೂ ಸೇರಿಸಿ ಒಂದು ಉದ್ದ ಗೀರು ಹಾಕಿ. ಉಗುರು ಕೊಟ್ಟರೆ ತೊಗಟೆ ಪಟ್ಟಿಯಾಗಿ ಬಿಟ್ಟುಕೊಳ್ಳುತ್ತದೆ. ಹಾಲು ಸುರಿಯುತ್ತದೆ, ಹೆದರಬೇಡಿ, ಒದ್ದೆ ಬಟ್ಟೆ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಒಳಗೆ ಕಾಣುವ ಬಿಳಿ ಕಟ್ಟಿಗೆಯ ಮೇಲೆ ಜಾರುವಂಥ ತೆಳು ಪದರವೊಂದಿರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಒರಟಾಗುವವರೆಗೆ ಕೆರೆಯಲೇಬೇಕು. ಹಾಗೇ ಬಿಟ್ಟರೆ ಗಿಡ ಅಲ್ಲೇ ಹೊಸ ತೊಗಟೆ ಕಟ್ಟಿ ಗಾಯ ಮುಚ್ಚಿಕೊಳ್ಳುತ್ತದೆ, ಬೇರು ಬಿಡುವುದಿಲ್ಲ. ಹೆಚ್ಚಿನವರ ಗೂಟಿ ಕೆಡುವುದು ಈ ಒಂದು ಹಂತದಲ್ಲೇ.

"ತೊಗಟೆ ಸುಲಿದರೆ ಮೇಲಿನ ಭಾಗ ಒಣಗಲ್ವಾ?" ಎಂದು ಕೇಳುತ್ತೀರಿ. ಇಲ್ಲ. ಬೇರಿನಿಂದ ನೀರು ಮೇಲೇರುವ ದಾರಿ ಒಳಗಿನ ಕಟ್ಟಿಗೆಯಲ್ಲಿದೆ, ಅದಕ್ಕೆ ನಾವು ಕೈಹಚ್ಚಿಲ್ಲ. ಎಲೆ ತಯಾರಿಸಿದ ಸಕ್ಕರೆ ಕೆಳಗಿಳಿಯುವ ದಾರಿ ತೊಗಟೆಯಲ್ಲಿತ್ತು, ಅದನ್ನಷ್ಟೇ ಕಡಿದಿದ್ದೇವೆ. ಸಕ್ಕರೆಯೂ, ತುದಿಯಿಂದ ಇಳಿದುಬರುವ ಬೇರು ಹೊರಡಿಸುವ ಹಾರ್ಮೋನೂ ಮೇಲಿನ ಉಂಗುರದ ಅಂಚಿನಲ್ಲಿ ಬಂದು ನಿಲ್ಲುತ್ತವೆ. ಬೇರು ಮೂಡುವುದು ಅಲ್ಲಿಯೇ. ಆದ್ದರಿಂದ ಬೇರು ಬರಿಸುವ ಪುಡಿ ಹಚ್ಚುವುದಾದರೆ ಮೇಲಂಚಿಗೆ ಹಚ್ಚಿ, ಸುತ್ತೆಲ್ಲ ಬಳಿಯುವುದು ವ್ಯರ್ಥ.

ನೆನೆಸಿ ಗಟ್ಟಿಯಾಗಿ ಹಿಂಡಿದ ಪಾಚಿಯನ್ನೋ ಕೋಕೋಪೀಟನ್ನೋ ಕಿತ್ತಳೆ ಗಾತ್ರಕ್ಕೆ ಗಾಯದ ಸುತ್ತ ಒತ್ತಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ಎರಡೂ ಕಡೆ ದಾರದಿಂದ ಬಿಗಿದು ಕಟ್ಟಿ. ನೀರು ತೊಟ್ಟಿಕ್ಕುವಷ್ಟು ಒದ್ದೆ ಇದ್ದರೆ ಕೊಳೆಯುತ್ತದೆ. ಬಿಸಿಲು ನೇರ ಬೀಳುವ ಜಾಗವಾದರೆ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ನೋಡಬೇಕೆನಿಸಿದಾಗ ಬಿಚ್ಚಿ ನೋಡಬಹುದು. ರಬ್ಬರ್ ಗಿಡದಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದಲ್ಲಿ ಪ್ಲಾಸ್ಟಿಕ್‌ನ ಒಳಮೈಗೆ ತಾಗಿಕೊಂಡು ಬಿಳಿ ಬೇರುಗಳು ಕಾಣುತ್ತವೆ, ಲೈರೇಟಾ ಇನ್ನೂ ನಿಧಾನಿಸಬಹುದು. ಒಂದೆರಡು ಬೇರು ಕಂಡ ಕೂಡಲೇ ಕತ್ತರಿಸಬೇಡಿ. ಬೇರು ಕವಲೊಡೆದು ಬಲೆಯಾಗಿ ಹೆಣೆದುಕೊಂಡ ಮೇಲೆ, ಉಂಡೆಯ ಕೆಳಗೆ ಕೊಯ್ದು, ಪ್ಲಾಸ್ಟಿಕ್ ಬಿಚ್ಚಿ, ಪಾಚಿಯನ್ನು ಬಿಡಿಸಲು ಹೋಗದೆ ಹಾಗೆಯೇ ಸಣ್ಣ ಕುಂಡಕ್ಕಿಡಿ. ಎರಡು ಮೂರು ವಾರ ನೆರಳು. ತಾಯಿಗಿಡದ ಮೊಂಡು ಕಾಂಡ ಕೆಳಗಿನ ಗೆಣ್ಣುಗಳಿಂದ ಎರಡು ಮೂರು ಕವಲು ಬಿಡುತ್ತದೆ. ಬೋಳುಕೋಲಿನಂತಿದ್ದದ್ದು ಪೊದೆಯಾಗುತ್ತದೆ.

ಬೀಜದಿಂದ ಮಾಡಬಾರದೇ ಎಂದು ಕೆಲವರು ಕೇಳಿದ್ದಿರಿ. ಅತ್ತಿಹಣ್ಣು ಬಿಡಿಸಿದರೆ ಹುಳ ಎನ್ನುತ್ತಾರಲ್ಲ, ಆ ಹುಳವೇ ಇದಕ್ಕೆ ಉತ್ತರ. ಈ ಮರಗಳ ಹೂವು ಇರುವುದು ನಾವು ಹಣ್ಣು ಎನ್ನುವುದರ ಒಳಗೆ. ಅಲ್ಲಿಗೆ ಪರಾಗ ಹೊತ್ತು ನುಗ್ಗುವುದು ಗುಂಡುಸೂಜಿಯ ತಲೆಯಷ್ಟಿರುವ ಕಣಜ, ಬಹುತೇಕ ಪ್ರತಿ ಪ್ರಭೇದಕ್ಕೂ ಅದರದೇ ಕಣಜ. ಲೈರೇಟಾದ ಕಣಜ ಇರುವುದು ಅದರ ತವರಿನಲ್ಲಿ. ನಿಮ್ಮ ಹಾಲ್‌ನಲ್ಲಿ ಅದು ಕಾಯಿ ಕಚ್ಚುವುದೇ ಅಪರೂಪ, ಕಚ್ಚಿದರೂ ಬೀಜ ಹುಟ್ಟದು. ಹಾಗಾಗಿ ಫಿಡಲ್ ಲೀಫ್ ಬೀಜವೆಂದು ಯಾರಾದರೂ ಪೊಟ್ಟಣ ಮಾರಿದರೆ ನಿಮ್ಮ ದುಡ್ಡು ಉಳಿಸಿಕೊಳ್ಳಿ.

ವಿದೇಶದಲ್ಲಿರುವ ನಿಮ್ಮ ಮಕ್ಕಳಿಗೂ ಈ ಪತ್ರ ತೋರಿಸಿ. ಅಮೆರಿಕದ ಅಂಗಡಿಗಳಲ್ಲಿ 'ಆಡ್ರಿ' ಎಂಬ ಹೆಸರಿನಲ್ಲಿ ಮಾರುವ ಫೈಕಸ್ ನಮ್ಮ ಆಲವೇ, ರಾಮೋಹಳ್ಳಿಯ ದೊಡ್ಡ ಆಲದ ಮರದ ಜಾತಿ. ಅಲ್ಲಿನ ಚಳಿಗಾಲದಲ್ಲಿ ಹೀಟರ್‌ನ ಒಣಗಾಳಿ, ಗಿಡ್ಡ ಹಗಲು ಎರಡೂ ಸೇರಿ ಎಲೆ ಉದುರಿಸುತ್ತವೆ. ದಕ್ಷಿಣದ ಕಿಟಕಿಗೆ ಸರಿಸಿ, ಹೀಟರ್‌ನಿಂದ ದೂರವಿಟ್ಟು, ನೀರು ಅರ್ಧಕ್ಕಿಳಿಸಲು ಹೇಳಿ. ವಸಂತದವರೆಗೆ ಗೂಟಿ, ಕಸಿ ಯಾವುದೂ ಬೇಡ.

ಕೊನೆಗೆ ಎರಡು ಕೋರಿಕೆ ಇವೆ.

ಮೊದಲನೆಯದು, ಈ ಜೂನ್‌ನಲ್ಲಿ ನಿಮ್ಮ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಭಾನುವಾರ ಗೂಟಿ ಕಟ್ಟಲು ಇಟ್ಟುಕೊಳ್ಳಿ. ಹತ್ತು ಮನೆಯ ರಬ್ಬರ್ ಗಿಡಗಳಿಗೆ ಒಂದೊಂದು ಕಟ್ಟಿದರೂ ಗಣೇಶನ ಹಬ್ಬದ ಹೊತ್ತಿಗೆ ಹಂಚಲು ಸಸಿಗಳು ಸಿದ್ಧವಿರುತ್ತವೆ. ಹೊಸದಾಗಿ ಬಾಡಿಗೆಗೆ ಬಂದ ಹುಡುಗರಿಗೆ, ಒಂಟಿಯಾಗಿರುವ ಹಿರಿಯರಿಗೆ ಕೊಡಿ. ಕೊಡುವಾಗ ಗಿಡದ ಜೊತೆ ಕಿಟಕಿಯ ಜಾಗವನ್ನೂ ತೋರಿಸಿಕೊಟ್ಟು ಬನ್ನಿ. ಸಿದ್ದಾಪುರದ ನರ್ಸರಿಗಳಿಗೂ ಲಾಲ್‌ಬಾಗ್‌ಗೂ ಹೋಗಿ ಕೊಳ್ಳುವುದನ್ನು ನಾನು ಬೇಡ ಎನ್ನುವುದಿಲ್ಲ. ಅಲ್ಲಿ ಕೆಲಸ ಮಾಡುವವರ ಕೈಚಳಕ ನೋಡಿಯೇ ಕಲಿಯುವುದು ಬೇಕಾದಷ್ಟಿದೆ. ಗೂಟಿ ಕಟ್ಟುವುದನ್ನು ಒಮ್ಮೆ ತೋರಿಸಿಕೊಡಿ ಎಂದು ಕೇಳಿದರೆ ಖುಷಿಯಿಂದ ತೋರಿಸುತ್ತಾರೆ.

ಎರಡನೆಯದು ಮನೆಯಲ್ಲಿ ಹಿಡಿಸದಷ್ಟು ಬೆಳೆದ ಗಿಡಗಳ ಬಗ್ಗೆ. ಅವನ್ನು ತಂದು ಕಾಂಪೌಂಡಿನೊಳಗೆ, ಸಂಪಿನ ಪಕ್ಕ, ಪೈಪಿನ ಮೇಲೆ ನೆಡಬೇಡಿ. ಹಳ್ಳ ದಾಟಿ ಸೇತುವೆಯಾಗುವ ಬೇರಿಗೆ ನಮ್ಮ ಸಂಪಿನ ಗೋಡೆ ಯಾವ ಲೆಕ್ಕ? ಹತ್ತು ವರ್ಷಕ್ಕೆ ಗೋಡೆ ಬಿರಿಯುತ್ತದೆ, ಆಮೇಲೆ ಕೊಡಲಿ ಬೀಳುವುದು ಮರಕ್ಕೇ. ಗೂಟಿಯಿಂದ ತಲೆ ಇಳಿಸಿ, ಬೇರು ಸವರಿ, ಕುಂಡದಲ್ಲೇ ಇಟ್ಟುಕೊಳ್ಳಿ. ಗೋಡೆ ಬಿರುಕಿನ ಅರಳಿ ಕೀಳಲು ಮನಸ್ಸು ಬಾರದವರು ಅನೇಕರಿದ್ದೀರಿ, ಕಿತ್ತರೆ ಪಾಪವೆಂಬ ಅಳುಕು ನನಗೂ ಅರ್ಥವಾಗುತ್ತದೆ. ಮಳೆಗೆ ಗೋಡೆ ನೆನೆದ ದಿನ, ಸಸಿ ಇನ್ನೂ ಗೇಣುದ್ದವಿರುವಾಗಲೇ, ಗಾರೆಯನ್ನು ಸ್ವಲ್ಪ ಕೆದಕಿ ಬೇರು ಸಹಿತ ಬಿಡಿಸಿ, ಕವರಿನಲ್ಲಿ ಒಂದು ವರ್ಷ ಸಾಕಿ. ಹುಲಿಕಲ್‌ನಿಂದ ಕುದೂರಿನ ದಾರಿಯುದ್ದಕ್ಕೂ ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ನೆಟ್ಟು ನೀರು ಹೊತ್ತು ಬೆಳೆಸಿದ 385 ಆಲದ ಮರಗಳು ಈ ಬಳಗಕ್ಕೆ ಎಷ್ಟು ಜಾಗ ಬೇಕೆಂಬುದನ್ನೂ ತೋರಿಸುತ್ತವೆ. ನಿಮ್ಮ ಬಡಾವಣೆಯ ಕೆರೆ ನೋಡಿಕೊಳ್ಳುವವರನ್ನು ಕೇಳಿ, ಕಟ್ಟಡದಿಂದ ದೂರವಿರುವ ಬಯಲು ಗೊತ್ತುಮಾಡಿಕೊಂಡು, ಮುಂದಿನ ಮುಂಗಾರಿಗೆ ಅಲ್ಲಿ ನೆಡಿ. ಮೊದಲ ಎರಡು ಬೇಸಿಗೆ ನೀರು ಹಾಕುವ ಸರದಿಯನ್ನು ನೆಡುವ ಮೊದಲೇ ಹಂಚಿಕೊಂಡಿರಿ. ನನ್ನ ಹೆಸರನ್ನೂ ಅದರಲ್ಲಿ ಬರೆದುಕೊಳ್ಳಿ, ಬೆಳಗ್ಗೆ ಆರಕ್ಕೆ ಬರಬಲ್ಲೆ.

ಇಂತಿ,
ನಿಮ್ಮ ಹಾಗೆಯೇ ಬಾಲ್ಕನಿಯಲ್ಲಿ ಗಿಡ ಸಾಕುವವಳು